ದುರಗಪ್ಪನ ಕಡೆಯ ಡಂಗುರ

ಇವತ್ತು ಬೆಳಿಗ್ಗೆ ನಮ್ಮ ಅಜ್ಜ ಸಾಲಿಯ ಹೊಸ ಮಾಸ್ತರರಿಗೆ ಚಹಾ ಕುಡಿಸುತ್ತ, ದುರಗಪ್ಪನನ್ನು ಊರಚಾಕರಿಯಿಂದ ತಾನೇ ಬಿಡಿಸಿದ ಕಥೆಯನ್ನು ಮತ್ತೊಮ್ಮೆ ಹೇಳಿದ. ಆ ಕಥೆಯಲ್ಲಿ ಅಜ್ಜನ ಕಣ್ಣು ತುಂಬಿ ಬರುತ್ತದೆ, ಊರು ಕೈಮುಗಿಯುತ್ತದೆ. ಕೇಳಲು ಚಂದ. ನನ್ನ ತಕರಾರು ಒಂದೇ: ಅವತ್ತು ನಾನೂ ಕಟ್ಟೆಯ ಮೇಲಿದ್ದೆ. ಯಾರಾದರೂ ಕಣ್ಣೊರೆಸಿಕೊಂಡಿದ್ದರೆ ಅದು ನಕ್ಕು ನಕ್ಕು.

ಚರ್ಮದ ಹಲಗೆ ಬಾರಿಸಿ ಸುದ್ದಿ ಸಾರುವುದು ದುರಗಪ್ಪನ ಮನೆತನಕ್ಕೆ ಹುಟ್ಟಿನಿಂದ ಅಂಟಿದ ಕೆಲಸ. ಒಲ್ಲೆ ಎನ್ನುವ ಹಾಗಿರಲಿಲ್ಲ. ಯಾರೋ ಸತ್ತರೆ, ಯಾರದೋ ಎಮ್ಮೆ ಕಳೆದರೆ, ಅವನು ಉಣ್ಣುವುದು ಬಿಟ್ಟು ಬರಬೇಕು. ಮೀಸೆ ನರೆತವನಿಗೆ ಚಡ್ಡಿ ಹುಡುಗರೂ “ಏ ದುರಗ್ಯಾ” ಎನ್ನುತ್ತಿದ್ದರು. ಆ ವರ್ಷ ಸ್ವಾತಂತ್ರ್ಯದ ದಿನದ ಮುನ್ನಾದಿನ ಅವನು ನಮ್ಮ ಮನೆಯ ಮುಂದೆ ಬಂದು ನಿಂತ. ಅಣ್ಣಿಗೇರಿಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಸಿಕ್ಕಿದೆ, ಇನ್ನು ಹಲಗೆ ಹಿಡಿಯುವುದಿಲ್ಲ ಎಂದ.

“ನಿಮ್ಮಪ್ಪ ಮಾಡಿದ್ದು ನೀ ಬಿಡತೀ ಏನ್ಲೇ?” ಎಂದ ಅಜ್ಜ. “ಮೊದಲ ನಾಳಿ ಝೇಂಡಾದ ಡಂಗುರ ಸಾರಿ ಬಾ, ಹೋಗು.”

ಹಾಗೆಂದವನೇ ಕನ್ನಡಕ ಏರಿಸಿಕೊಂಡು ತನ್ನ ಭಾಷಣ ಓದಲು ಕುಳಿತ: “ಗುಲಾಮಗಿರಿಯ ಸಂಕೋಲೆ ಹರಿದ ಈ ಶುಭದಿನದಂದು...” ಆ ಭಾಷಣ ತಿದ್ದಿಕೊಟ್ಟವಳು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದು ಬಂದಿದ್ದೆ ನೋಡಿ, ಊರಿನಲ್ಲಿ ನನಗಿಂತ ದೊಡ್ಡ ಮಾತುಗಾರರು ಇದ್ದಾರೆಂದು ಯಾರಾದರೂ ಹೇಳಿದ್ದರೆ ಪುರಾವೆ ಕೇಳುತ್ತಿದ್ದೆ.

ಪುರಾವೆ ಸಂಜೆಯೇ ಬಂತು. ಓಣಿಯ ಮೂಲೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸಿದ ವಾಸನೆ, ಆಮೇಲೆ ಬಡಿತ. ನಮ್ಮ ಮನೆಯ ಕಟ್ಟೆಯ ಮೇಲೆ ಹೆಸರುಕಾಯಿ ಸುಲಿಯುತ್ತಿದ್ದ ಹೆಂಗಸರು ತಲೆಯೆತ್ತಿದರು.

“ಕೇಳ್ರಪೋ ಕೇಳ್ರಿ! ನಾಳಿ ಮುಂಜಾನೆ ಸಾಲಿ ಮುಂದ ಝೇಂಡಾ ಏರಸ್ತಾರ, ಎಲ್ಲಾರೂ ಬರ್ರಿ! ನಮಗೆಲ್ಲಾ ಬಿಡುಗಡಿ ಆಗೇತಿ! ಹೌದಲ್ರಿ?”

“ಹೌದ್ಹೌದು!” ಎಂದಿತು ಕಟ್ಟೆ.

“ಈ ಸುದ್ದಿ ನಮ್ಮಪ್ಪ ಸಾರಿದ, ನಾನೂ ಸಾರೇನಿ. ಊರಿಗೆಲ್ಲಾ ಮುಟ್ಟೇತಿ. ನಮ್ಮ ಮನೀಗೆ ಮಾತ್ರ ಇನ್ನೂ ಮುಟ್ಟಿಲ್ರಿ! ಯಾಕಂದ್ರ, ನಮ್ಮ ಕೆಳಗಿನ ಓಣ್ಯಾಗ ಸಾರಂತ ನನಗ ಯಾರೂ ಹೇಳೇ ಇಲ್ಲ! ಇವತ್ತ ಅಲ್ಲಿಗೂ ಹೋಗಿ ಸಾರತೇನಿ. ಇದು ನನ್ನ ಕಡೀ ಡಂಗುರ!”

ಅಜ್ಜ ಎದ್ದ. “ಇದು ಗುಲಾಮಗಿರಿ ಅಲ್ಲೋ, ಊರ ಮರ್ಯಾದಿ ಕೆಲಸ.”

“ಮರ್ಯಾದಿ ಕೆಲಸ ಆದ್ರ ಈ ವರ್ಷ ನೀವ ತಗೋರಿ, ಯಜಮಾನ್ರ,” ಎಂದು ದುರಗಪ್ಪ ಹಲಗೆ ಚಾಚಿದ.

ಅಜ್ಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಪಕ್ಕದ ಮನೆಯ ಹಣಮವ್ವ ಮೊರ ಬಿಟ್ಟು ನಕ್ಕಳು: “ತಗೋರಿ ಯಜಮಾನ್ರ, ಭಾಷಣಾ ಬಡಿಯೂದಕ್ಕಿಂತ ಹಲಗಿ ಬಡಿಯೂದ ಚಲೋ!” ಕಟ್ಟೆಗೆ ಕಟ್ಟೆಯೇ ನಕ್ಕಿತು. ನಕ್ಕ ಮೇಲೆ ಯಾರಿಗೂ ಅವನನ್ನು ಗದರಿಸುವ ಮುಖ ಉಳಿಯಲಿಲ್ಲ.

ಎದುರಾಳಿಯ ವಾದ ಮುರಿಯಬೇಕೆಂದು ನನಗೆ ಕಲಿಸಿದ್ದರು. ದುರಗಪ್ಪ ಅಜ್ಜನ ವಾದವನ್ನು ಹೆಗಲ ಮೇಲೆ ಹೊತ್ತು ಓಣಿ ಓಣಿ ಮೆರೆಸಿಬಿಟ್ಟ. ಬಿಡುಗಡೆಯಾಗಿದೆ ಎಂಬುದಕ್ಕೆ ಹೌದೆಂದವರು ಮುಂದಿನ ಮಾತಿಗೆ ಅಲ್ಲ ಎನ್ನುವುದು ಹೇಗೆ? ಮರುದಿನ ಅಜ್ಜ ಭಾಷಣದಲ್ಲಿ ಸಂಕೋಲೆಯ ತನಕ ಬಂದ, ಕೆಮ್ಮಿದ, ಒಂದು ಹಾಳೆ ಬಿಟ್ಟೇ ಮುಂದೆ ಹೋದ. ಪೇಢೆ ಬೇಗ ಸಿಕ್ಕಿತೆಂದು ಮಕ್ಕಳು ಮನಸಾರೆ ಚಪ್ಪಾಳೆ ತಟ್ಟಿದರು.

ದುರಗಪ್ಪ ಕಾಕಾ ಗೌಂಡಿಯಾದ. ಹಲಗೆಯನ್ನು ಈಗ ಮನಸ್ಸು ಬಂದರೆ ಬಾರಿಸುತ್ತಾನೆ, ಬಾರದಿದ್ದರೆ ಇಲ್ಲ. ಡಂಗುರಕ್ಕೆ ಮೂರು ಗಾಲಿಯ ಟಂಟಂ ಗಾಡಿ ಬಂತು, ಅದರ ಮೇಲೊಂದು ಸ್ಪೀಕರು. ಇದು ಮಾತಿನ ಗೆಲುವು ಎಂದು ಬರೆದು ಮುಗಿಸುವವಳಿದ್ದೆ. ಅಷ್ಟರಲ್ಲಿ ಹೊರಗೆ ಅದೇ ಗಾಡಿ ಕೂಗಿತು; ನಾಳೆ ಮತ್ತೆ ಝೇಂಡಾ. “ಸಮಸ್ತ ನಾಗರಿಕ ಬಂಧುಗಳೇ...” ಒಕ್ಕಣೆ ಅಜ್ಜನದೇ. ಮಾಳಿಗೆ ಏರಿ ನೋಡಿದೆ. ಮಠದ ಓಣಿ ಆಯಿತು, ಪೇಟೆ ಆಯಿತು; ಕೆಳಗಿನ ಓಣಿಯ ತಿರುವಿಗೆ ಬಂದ ಗಾಡಿ ಅಲ್ಲಿಂದಲೇ ಹೊರಳಿ ವಾಪಸು ಹೋಯಿತು.

ಇಳಿದು ಬಂದೆ. ಅಜ್ಜ ನಾಳಿನ ಬಿಳಿ ಟೊಪ್ಪಿಗೆಗೆ ಇಸ್ತ್ರಿ ತಿಕ್ಕುತ್ತಿದ್ದ.

“ಅಜ್ಜಾ, ಗಾಡ್ಯಾಂವಗ ಎಲ್ಲಿತನಕ ಸಾರಂತ ಹೇಳಿದ್ದಿ?”