ಮೂಲೆ ಕತ್ತರಿಸಿದ ಕಂಬಳಿ

ಹರಿಯಬ್ಬೆಯ ಗಂಗಕ್ಕನ ಕೈಗೆ ಒಂದು ಹಿಡಿ ಉಣ್ಣೆ ಕೊಟ್ಟರೆ ಸಾಕು, ಅದು ಯಾರ ಹಿಂಡಿನದು, ಮರಿಯದೋ ಮುದಿಕುರಿಯದೋ, ಕತ್ತರಿ ಹಾಕುವ ಮುಂಚೆ ಕುರಿಯ ಮೈ ತೊಳೆದಿದ್ದರೋ ಇಲ್ಲವೋ, ಎಲ್ಲವನ್ನೂ ಬೆರಳಲ್ಲೇ ತಿಳಿದು ಹೇಳುತ್ತಿದ್ದಳು. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಶ್ರೀರಾಂಪುರದ ಕಡೆಯ ತವರಿನಲ್ಲಿ ಒಂಬತ್ತು ವರ್ಷಕ್ಕೆ ರಾಟೆಯ ಮುಂದೆ ಕೂತವಳು, ಮದುವೆಯಾಗಿ ಇಲ್ಲಿಗೆ ಬಂದ ಮೂರನೇ ದಿನಕ್ಕೇ ಮತ್ತೆ ಕೂತಳು. ಗಂಡ ದೊಡ್ಡತಿಮ್ಮಪ್ಪ ಕುರಿ ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಆಂಧ್ರದ ಕಡೆ ಇರುತ್ತಿದ್ದ. ಅವನು ತಂದ ಉಣ್ಣೆಯನ್ನು ಇವಳು ನೂಲುವಳು, ಮೈದುನ ಜುಂಜಯ್ಯ ನೇಯುವನು. ಗಂಡ ತೀರಿಹೋಗಿ ಹನ್ನೆರಡು ವರ್ಷವಾದರೂ, ಊರಿನ ಬೇರೆ ಕುರಿಗಾರರ ಉಣ್ಣೆ ತಂದು ನೂಲುವುದೂ ನಿಂತಿರಲಿಲ್ಲ, ನೇಯುವುದೂ ನಿಂತಿರಲಿಲ್ಲ.

ಆದರೆ ಊರಲ್ಲಿ ಇಪ್ಪತ್ತೆರಡು ಇದ್ದ ಮಗ್ಗ ಮೂರಕ್ಕೆ ಇಳಿದಿತ್ತು. ಜುಂಜಯ್ಯನ ಮಗ್ಗ ಪಡಸಾಲೆಯಲ್ಲಿತ್ತು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಆ ಗುಂಡಿ ತೋಡಿದ್ದು ಅವನ ಅಪ್ಪ. ಹೋದ ಯುಗಾದಿಯ ಮಾರನೇ ದಿನ ಜುಂಜಯ್ಯ ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದ.

"ಅತ್ತಿಗೆ, ಇನ್ನು ಸಾಕು ಅನ್ನಿಸ್ತೈತೆ. ಗುಂಡಿಗೆ ಮಣ್ಣು ತುಂಬ್ಸಿ ಮೇಲೆ ರಾಗಿ ಬೀಸೋ ಮಿಷನ್ ಕೂರ್ಸ್ತೀನಿ. ಕಂಬಳಿ ಕೇಳೋರು ವರ್ಷಕ್ಕೆ ಹತ್ತು ಜನ. ಹಿಟ್ಟು ಬ್ಯಾಡ ಅನ್ನೋರು ಯಾರವ್ರೆ?"

ಗಂಗಕ್ಕ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು. "ಒಂದು ವರ್ಷ ತಡಿಯಪ್ಪ," ಅಂದಳು. ಯಾಕೆ ತಡೆಯಬೇಕು ಅಂತ ಅವಳಿಗೂ ಗೊತ್ತಿರಲಿಲ್ಲ.

ಅದಾದ ಹದಿನೈದು ದಿನಕ್ಕೆ ಚಿತ್ರದುರ್ಗದ ವ್ಯಾಪಾರಿ ರಾಜಶೇಖರ್ ಕಾರು ಮಾಡಿಕೊಂಡು ಬಂದರು. ಹಿಂದೆ ಇವರ ಕಂಬಳಿಯನ್ನು ಮಠಗಳಿಗೆ ಒದಗಿಸುತ್ತಿದ್ದವರೇ. ಶ್ರೀಲಂಕಾದ ಬೆಟ್ಟದ ಮೇಲಿನ ಒಂದು ಲಾಡ್ಜಿನವರು ಅರವತ್ತು ಕರಿ ಕಂಬಳಿ ಕೇಳಿದ್ದಾರೆ, ದಸರಾ ಒಳಗೆ ಅಲ್ಲಿ ಮುಟ್ಟಬೇಕು, ಹಿಡಿಸಿದರೆ ವರ್ಷಾವರ್ಷ ತಗೊಳ್ತಾರೆ ಅಂದರು.

"ಲಂಕೆಯಲ್ಲೂ ಚಳಿ ಆಗ್ತೈತಾ?" ಜುಂಜಯ್ಯ ಕೇಳಿದ.

"ಬೆಟ್ಟದ ಮೇಲೆ ಊಟಿ ಇದ್ದಂಗೆ. ನೋಡು ಜುಂಜಯ್ಯ, ನಮ್ಮ ದೇಶಕ್ಕೂ ಅವ್ರ ದೇಶಕ್ಕೂ ಒಪ್ಪಂದ ಐತೆ. ಇಲ್ಲೇ ಹುಟ್ಟಿದ ಮಾಲು ಅಂತ ಪತ್ರ ಇದ್ರೆ ಅಲ್ಲಿ ಸುಂಕದ ಕಾಟ ಇಲ್ಲ. ಪತ್ರ ಇಲ್ದಿದ್ರೆ ಸುಂಕ ಸೇರಿ ರೇಟು ಏರ್ತೈತೆ, ಅವ್ರು ಮಿಷನ್ ಕಂಬಳಿ ತಗೊಂಡು ಸುಮ್ನಾಗ್ತಾರೆ."

"ಇಲ್ಲಿ ಹುಟ್ಟದೆ ಇನ್ನೆಲ್ಲಿ ಹುಟ್ತವೆ ಸಾವ್ಕಾರ್ರೆ," ಅಂದು ಗಂಗಕ್ಕ ನಕ್ಕಳು. ಆ ವರ್ಷ ಅವಳು ಈ ಪತ್ರದ ವಿಷಯಕ್ಕೆ ನಕ್ಕಿದ್ದು ಅದೇ ಕೊನೆ.

ರಾಗಿ ಮಿಷನ್ನಿನ ಮಾತು ಬಿದ್ದುಹೋಯಿತು. ಮೂರೂ ಮಗ್ಗ ಬೆಳಗಿನಿಂದ ಸಂಜೆಯತನಕ ಸದ್ದು ಮಾಡಿದವು. ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಬೀದಿಗೆಲ್ಲ ಹಬ್ಬಿತು. ಆಷಾಢ ಕಳೆಯುವಷ್ಟರಲ್ಲಿ ಅರವತ್ತು ಕಂಬಳಿ ಗಂಗಕ್ಕನ ಮನೆಯ ಮೂಲೆಯಲ್ಲಿ ಅವಳ ಎದೆಮಟ್ಟ ನಿಂತವು.

ಆಗ ಶುರುವಾಯಿತು ನೋಡಿ. ರಾಜಶೇಖರ್ ಅಂಗಡಿಯಲ್ಲಿ ಕಾಗದಪತ್ರ ನೋಡುವ ಹುಡುಗಿ ಮೋನಿಕಾ ಒಂದು ಬೆಳಿಗ್ಗೆ ಫೋನ್ ಮಾಡಿದಳು.

"ಅಜ್ಜಿ, ಪತ್ರದ ಅರ್ಜೀಲಿ ಕಚ್ಚಾಮಾಲು ಎಲ್ಲೀದು ಅಂತ ಕೇಳ್ಯಾರೆ. ಕುರಿ ಸಾಕೋ ಜಾಗದ ವಿಳಾಸ ಬೇಕು."

"ಕುರಿಗೆ ವಿಳಾಸ ಏನವ್ವ? ಮಳೆಗಾಲದಾಗೆ ಇಲ್ಲೇ ಇರ್ತವೆ. ಸಂಕ್ರಾಂತಿ ಆದ್ಮೇಲೆ ಅಮರಾಪುರದ ಕಡೆ ಹೋಗ್ತವೆ. ಯಾರ ಹೊಲದಾಗೆ ಮಂದೆ ಬಿಟ್ರೆ ಅವತ್ತು ಅದೇ ಮನೆ."

"ಅಯ್ಯೋ, ಹಂಗೆಲ್ಲ ಬರಿಯಾಕಾಗಲ್ಲಜ್ಜಿ. ನಿಮ್ಮ ಮನೆ ನಂಬರ್ರೇ ಹಾಕ್ತೀನಿ ಬಿಡ್ರಿ."

"ಹಾಕವ್ವ. ಮುನ್ನೂರು ಕುರಿ ನಮ್ಮನೆ ಪಡಸಾಲೇಲಿ ಮಲಗ್ತವೆ ಅಂತ ಬರಿ."

ಅದು ಹೇಗೋ ದಾಟಿತು. ಎಂಟು ದಿನಕ್ಕೆ ಇನ್ನೊಂದು ತಕರಾರು ಬಂತು. ಇದು ಕುರಿಯ ಉಣ್ಣೆಯೇ ಹೌದಾ ಅಂತ ಪರೀಕ್ಷೆ ಮಾಡಲು ಮಾಲಿನಿಂದ ಗೇಣುದ್ದ ಗೇಣಗಲ ಒಂದು ತುಂಡು ಕತ್ತರಿಸಿ ಕಳಿಸಬೇಕಂತೆ. ಜುಂಜಯ್ಯ ಕೈಲಿದ್ದ ಲಾಳಿಯನ್ನು ಕೆಳಗಿಟ್ಟ.

"ಕತ್ತರಿ ಹಾಕಾಕಿಲ್ಲ."

ಅವರ ಮನೆತನದಲ್ಲಿ ಕಂಬಳಿ ಕತ್ತರಿಸುವುದು ಒಂದೇ ಕಡೆ. ಮನೆಯ ಯಜಮಾನ ಸತ್ತಾಗ ಅವನು ಹೊದೆಯುತ್ತಿದ್ದ ಕಂಬಳಿಯ ಮೂಲೆ ಕತ್ತರಿಸಿ ಅವನ ಜೊತೆ ಮಣ್ಣಿಗೆ ಹಾಕುತ್ತಾರೆ. ಇಡಿಯಾಗಿದ್ದರೆ ಮಾತ್ರ ದೇವರ ಗದ್ದುಗೆಗೆ ಹಾಸಬಹುದು, ಮದುವೆಗೆ ಹಾಸಬಹುದು. ಹೊಸ ಕಂಬಳಿಗೆ ಮಗ್ಗದ ಮನೆಯಲ್ಲೇ ಕತ್ತರಿ ಹಾಕಿದರೆ ಅಂತ ನೆನೆದೇ ಜುಂಜಯ್ಯನ ಮುಖ ಕಪ್ಪಿಟ್ಟಿತು. ಗಂಡನ ಕಂಬಳಿಗೆ ಕತ್ತರಿ ಹಾಕಿದ್ದ ದಿನ ಗಂಗಕ್ಕನಿಗೂ ಮರೆತಿರಲಿಲ್ಲ. ಕತ್ತರಿ ಎರಡು ಸಲ ಜಾರಿತ್ತು.

ಅವಳೇ ದಾರಿ ಹುಡುಕಿದಳು. "ಗೇಣು ತಾನೇ ಕೇಳಿದ್ದು? ಅದೇ ನೂಲಿನಾಗೆ, ಅದೇ ಮಗ್ಗದಾಗೆ ಗೇಣು ಕಂಬಳಿ ನೇದು ಕೊಡಾಣ."

ನೂಲಿನ ರಾಶಿಯಲ್ಲಿ ಒಳ್ಳೆಯದನ್ನೇ ಆರಿಸಿದಳು. ಜುಂಜಯ್ಯ ಎರಡು ದಿನ ಬಗ್ಗಿ ಕೂತು ಗೇಣಗಲದ ಕಂಬಳಿ ನೇಯ್ದ. ನಾಲ್ಕೂ ಅಂಚು ಕಟ್ಟಿ, ಒಂದು ಎಳೆ ಹೊರಗೆ ಕಾಣದಂತೆ ಮಾಡಿದ. ಗೊಂಬೆಗೆ ಹೊದಿಸುವಂತಿತ್ತು. ಬೀದಿಯ ಹೆಂಗಸರೆಲ್ಲ ಬಂದು ಕೈಯಲ್ಲಿ ಹಿಡಿದು ನೋಡಿ ಹೋದರು. ಹಿರಿಯೂರಿಗೆ ಹೋಗಿ ಪೋಸ್ಟ್ ಮಾಡಿ ಬಂದ ಜುಂಜಯ್ಯ ಆವತ್ತು ಹೋಟೆಲಿನಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಬಂದ.

ಇಪ್ಪತ್ತು ದಿನವಾದ ಮೇಲೆ ಅದು ತಿರುಗಿ ಬಂತು. ಮೋನಿಕಾ ಜೊತೆಗಿದ್ದ ಕಾಗದವನ್ನು ಫೋನಿನಲ್ಲಿ ಓದಿ ಹೇಳಿದಳು. ಇದು ಮಾಲಿನಿಂದ ಕತ್ತರಿಸಿದ ತುಂಡಲ್ಲ, ನಾಲ್ಕೂ ಕಡೆ ಅಂಚಿದೆ, ಇದೇ ಒಂದು ಬೇರೆ ವಸ್ತು. ಈ ವಸ್ತುವಿಗೆ ಪತ್ರ ಬೇಕಿದ್ದರೆ ಬೇರೆ ಅರ್ಜಿ ಹಾಕಿಕೊಳ್ಳಿ ಅಂತ ಇತ್ತು.

"ಚೆನ್ನಾಗಿ ನೇದಿದ್ದೇ ತಪ್ಪಾತಾ?" ಅಂದ ಜುಂಜಯ್ಯ.

"ತಪ್ಪಲ್ಲ ಮಾವ, ಅಂಚು ಇರಬಾರ್ದಿತ್ತು ಅಷ್ಟೆ."

"ಅಂಚಿಲ್ದೆ ಹೆಂಗವ್ವ ಬಿಡೋದು? ನನ್ನ ಕೈ ಅಂಚು ಕಟ್ಟದೆ ನಿಲ್ಲಾಕಿಲ್ಲ."

ಗಂಗಕ್ಕ ಮಾರನೇ ದಿನ ಬೆಳಗಿನ ಬಸ್ಸಿಗೇ ಒಂದು ಇಡೀ ಕಂಬಳಿ ಹೆಗಲಿಗೆ ಹಾಕಿಕೊಂಡು ಚಿತ್ರದುರ್ಗಕ್ಕೆ ಹೋದಳು. ಒಂದನ್ನು ಇಡಿಯಾಗಿ ಕೊಟ್ಟುಬಿಡುತ್ತೇವೆ, ಆಫೀಸಿನವರು ಸುಟ್ಟು ನೋಡಲಿ, ನೆನೆಸಿ ನೋಡಲಿ, ಬೇಕಾದರೆ ಹೊದ್ದು ಮಲಗಲಿ, ನಮ್ಮ ಕೈಯಿಂದ ಮಾತ್ರ ಕತ್ತರಿಸುವುದು ಬೇಡ. ಇದು ಅವಳ ಲೆಕ್ಕ. ರಾಜಶೇಖರ್ ಅವಳ ಎದುರಿಗೇ ಪತ್ರ ಕೊಡುವ ಬೆಂಗಳೂರಿನ ಆಫೀಸಿಗೆ ಫೋನ್ ಮಾಡಿದರು. ಇಡೀ ಕಂಬಳಿ ತಗೊಳ್ಳಲು ನಿಯಮ ಇಲ್ಲವಂತೆ. ಗೇಣಿಗಿಂತ ದೊಡ್ಡದು ಕವರಿನಲ್ಲಿ ಹಿಡಿಯುವುದಿಲ್ಲವಂತೆ.

"ಗಂಗಕ್ಕ, ದಸರಾಕ್ಕೆ ಒಂದು ತಿಂಗಳೂ ಇಲ್ಲ. ಹಠ ಬಿಡ್ರಿ," ಅಂದರು ಅವರು. ಅವರ ದನಿಯಲ್ಲೂ ಸಾಕಾಗಿದ್ದು ಕೇಳಿಸುತ್ತಿತ್ತು.

ಬಸ್ ಸ್ಟ್ಯಾಂಡಿಗೆ ಬರುವಾಗ ಸಂತೆಪೇಟೆಯ ಒಂದು ಅಂಗಡಿಯ ಮುಂದೆ ಹೂವಿನ ಚಿತ್ರದ, ಹುಲಿಯ ಚಿತ್ರದ ಹೊದಿಕೆಗಳನ್ನು ಮಾಡಿನ ಎತ್ತರಕ್ಕೆ ಪೇರಿಸಿದ್ದರು. ಗಂಗಕ್ಕ ಒಂದರ ತುದಿ ಹಿಡಿದು ತಿಕ್ಕಿ ನೋಡಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಜೀವ ಇದ್ದ ಯಾವುದರ ಮೈಯಿಂದಲೂ ಬಂದದ್ದಲ್ಲ.

"ಎಲ್ಲೀದಪ್ಪ ಇದು?"

"ಪಕ್ಕದ ದೇಶದ್ದಮ್ಮ. ಹಗುರ ಐತೆ, ತೊಳೆಯಾಕೂ ಸಲೀಸು. ಒಪ್ಪಂದದಾಗೆ ಬರ್ತೈತೆ, ಸುಂಕ ಇಲ್ಲ, ಅದಕ್ಕೇ ಸೋವಿ."

"ಇದನ್ನ ಯಾರು ಕತ್ತರಿಸಿ ನೋಡಿದ್ರು?"

ಅಂಗಡಿಯವನು ಅವಳ ಹೆಗಲ ಮೇಲಿನ ಕರಿ ಕಂಬಳಿಯನ್ನು ನೋಡಿದ, ಅವಳ ಮುಖ ನೋಡಿದ. "ಕತ್ತರಿಸಿದ್ರೆ ಯಾರಮ್ಮ ತಗೊಳ್ತಾರೆ?" ಅಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಬಸ್ಸಿನಲ್ಲಿ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅವಳು ಹಲ್ಲು ಕಚ್ಚಿಕೊಂಡೇ ಕೂತಿದ್ದಳು. ಕಂಡಕ್ಟರ್ ಲಗೇಜ್ ಚೀಟಿ ಅಂದಾಗ, "ತೊಡೆ ಮೇಲಿನ ಮೊಮ್ಮಗ ಅಂತ ತಿಳ್ಕಳಪ್ಪ," ಅಂದಳು. ಅವನು ಮುಂದಿನ ಸೀಟಿಗೆ ಹೋದ.

ಮನೆಗೆ ಬಂದವಳೇ ಉಣ್ಣೆ ಕತ್ತರಿಸುವ ಕತ್ತರಿ ತೆಗೆದಳು. ಜುಂಜಯ್ಯ ಮಗ್ಗದಿಂದ ಎದ್ದು ಬಂದು ಎದುರಿಗೆ ನಿಂತ.

"ಅತ್ತಿಗೆ, ಬ್ಯಾಡ."

"ನೀನು ಆ ಕಡೆ ತಿರುಗಪ್ಪ. ಕತ್ತರಿ ಹಾಕೋಳು ನಾನು. ಹಾಕೋದೇನು ಮೊದಲ ಸಲವಾ? ಮಗ್ಗದ ಗುಂಡಿ ಉಳಿಲಿ."

ಅವನು ತಿರುಗಿ ನಿಂತ. ಈ ಸಲ ಕತ್ತರಿ ಜಾರಲಿಲ್ಲ. ಬಿಗಿಯಾದ ನೇಯ್ಗೆ, ಕಚ್ಚಿ ಕಚ್ಚಿ ಹೋಯಿತು. ಗೇಣಗಲದ ಮೂಲೆ ಅವಳ ಕೈಗೆ ಬಂತು, ಎರಡು ಕಡೆ ಎಳೆ ಬಿಚ್ಚಿಕೊಂಡು.

ಪತ್ರ ಬಂತು. ಬರಲಿಲ್ಲ ಅನ್ನುವಂತಿಲ್ಲ. ಗಟ್ಟಿ ಕಾಗದ, ಮೂರು ಮೊಹರು, ಅರವತ್ತು ಕಂಬಳಿ ಈ ದೇಶದಲ್ಲೇ ಹುಟ್ಟಿದವು ಅಂತ ಬರೆದಿತ್ತು. ಬಂದದ್ದು ದಸರಾ ಮುಗಿದು ಹನ್ನೊಂದು ದಿನಕ್ಕೆ. ಲಾಡ್ಜಿನವರು ಕಾದು ಕಾದು, ಚಳಿಗೆ ಜನ ಬರುವ ಹೊತ್ತಾಯಿತು ಅಂತ ಮಿಷನ್ ಕಂಬಳಿ ಹಾಕಿಸಿಕೊಂಡಿದ್ದರು. ಮುಂದಿನ ವರ್ಷ ನೋಡೋಣ ಅಂತ ಎರಡು ಸಾಲು ಬರೆದಿದ್ದರು. ರಾಜಶೇಖರ್ ತಾವೇ ಬಂದು ಪತ್ರ ಕೊಟ್ಟರು. ಟೀ ಕುಡಿಯದೆ ಹೋದರು.

ಜುಂಜಯ್ಯ ಮೂರನೇ ದಿನ ಒಂದು ಟ್ರಾಕ್ಟರ್ ಕೆಮ್ಮಣ್ಣು ತರಿಸಿ ಬಾಗಿಲ ಮುಂದೆ ಸುರಿಸಿದ. ಮಂಕರಿ, ಸಲಿಕೆ ತೆಗೆದುಕೊಂಡು ಪಡಸಾಲೆಗೆ ಬಂದಾಗ ಗುಂಡಿಯ ಪಕ್ಕದಲ್ಲಿ ಮೂಲೆ ಕತ್ತರಿಸಿದ ಕಂಬಳಿ ಹಾಸಿತ್ತು. ದೇವರಿಗೂ ಬಾರದ, ಗಿರಾಕಿಗೂ ಬಾರದ ಕಂಬಳಿ. ಅದರ ಮೇಲೆ ಗಂಗಕ್ಕ ರಾಟೆ ಇಟ್ಟುಕೊಂಡು, ಎರಡೂ ಕಾಲು ಗುಂಡಿಯೊಳಗೆ ಇಳಿಬಿಟ್ಟು ನೂಲುತ್ತಾ ಕೂತಿದ್ದಳು. ಹೆಂಗಸರು ಯಾರೂ ಆ ಗುಂಡಿಗೆ ಕಾಲಿಟ್ಟವರಲ್ಲ.

"ಏಳ್ರಿ ಅತ್ತಿಗೆ, ಮಣ್ಣು ಹಾಕಬೇಕು."

"ಮಂಡಿ ಹಿಡ್ಕಂಡೈತೆ ಕಣಪ್ಪ. ಸಂಜೆ ನೋಡಾಣ."

ಸಂಜೆಯೂ ಅದೇ ಮಾತು ಅಂದಳು. ಮಾರನೇ ದಿನವೂ ಅಂದಳು. ಜುಂಜಯ್ಯ ಸಲಿಕೆಯನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ಬಾಗಿಲ ಮುಂದಿನ ಮಣ್ಣಿನ ಗುಡ್ಡೆಯ ಮೇಲೆ ಕೋಳಿಗಳು ಕೆರೆಯುತ್ತಿದ್ದವು. ಒಳಗೆ ರಾಟೆ ತಿರುಗುತ್ತಲೇ ಇತ್ತು.