ಊದುಗೊಳವೆಯ ಆಚೆ ತುದಿ

ಅವ್ವ ತೀರಿಕೊಂಡ ಮೇಲೆ ನನಗೆ ಉಸಿರು ಬಿಡಲು ಹೆದರಿಕೆಯಾಗತೊಡಗಿತು. ಎಳೆದುಕೊಳ್ಳಲು ಅಲ್ಲ, ಬಿಡಲು. ಕಲಬುರಗಿಯ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತಿದ್ದೆ. ಒಂದು ಉಸಿರು ಹೊರಗೆ ಹೋಯಿತು. ಮುಂದಿನದು ಬರುತ್ತದೆಂದು ಕಾಯುತ್ತಲೇ ಇದ್ದೆ. ಬರಲಿಲ್ಲ.

ಅಂದಿನಿಂದ ಸಿಟಿ ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಎಲ್ಲೆಂದರಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬೆರಳು ಜುಮುಜುಮು ಎನ್ನುತ್ತಿದ್ದವು. ಮಕ್ಕಳಿಂದ ಶ್ವಾಸಕೋಶದ ಚಿತ್ರ ಬರೆಸುವ ವಿಜ್ಞಾನದ ಟೀಚರು ನಾನು. ನನ್ನ ಅವಸ್ಥೆ ಕಂಡು ನನಗೇ ಸಿಟ್ಟು ಬರುತ್ತಿತ್ತು.

ಜೇವರ್ಗಿ ಕಾಲೋನಿಯ ಡಾಕ್ಟರು ಇಸಿಜಿ ನೋಡಿ, "ಹಾರ್ಟ್ ಚಲೋ ಅದರೀ ಮೇಡಂ. ನೀವು ಗಬಗಬ ಉಸಿರು ಎಳಕೋತೀರಿ, ಅದಕ್ಕ ತಲಿ ತಿರಗತದ. ಎಳಕೊಳ್ಳೋದಕ್ಕಿಂತ ಬಿಡೋದು ಉದ್ದ ಮಾಡ್ರಿ. ಸಾವಕಾಶ ಬಿಟ್ಟರ ಎದಿ ಬಡಿತ ತಾನೇ ಇಳೀತದ" ಎಂದರು. ಹೇಳುವವರಿಗೇನು! ಮನೆಗೆ ಬಂದು ಗೋಡೆಗೊರಗಿ ಕೂತು ಮಾಡಿದೆ. ಉಸಿರು ತೀರಿದ ಮೇಲೆ ಒಂದು ನಿಲುಗಡೆ ಇರುತ್ತದಲ್ಲ, ಅಲ್ಲಿ ಆಸ್ಪತ್ರೆಯ ಮಂಚ ಕಾಣುತ್ತಿತ್ತು. ತಟ್ಟನೆ ಗಾಳಿ ಎಳೆದುಕೊಳ್ಳುತ್ತಿದ್ದೆ. ಮತ್ತದೇ ಡವಡವ.

ದಸರಾ ರಜೆಯಲ್ಲಿ ಕಮಲಾಪುರಕ್ಕೆ, ಅಕ್ಕನ ಮನೆಗೆ ಹೋದೆ. ಆಸ್ಪತ್ರೆಗೆ ಸೇರಿಸುವವರೆಗೂ ಅವ್ವ ಇದ್ದದ್ದು ಅಲ್ಲೇ. ಅಡುಗೆಗೆ ಗ್ಯಾಸಿದ್ದರೂ ಸ್ನಾನದ ನೀರಿಗೆ ಇಂದಿಗೂ ಹಿತ್ತಲಿನ ಒಲೆಯೇ. ತೊಗರಿ ಕಟ್ಟಿಗೆ ಹತ್ತದೆ ಹೊಗೆಯಾಡುತ್ತಿತ್ತು. ಅಕ್ಕ ಕಬ್ಬಿಣದ ಊದುಗೊಳವೆ ನನ್ನ ಕೈಗಿಟ್ಟಳು. ಅವ್ವ ಬಾಯಿಟ್ಟು ಊದಿ ಊದಿ ಅದರ ತುದಿ ನುಣುಪಾಗಿತ್ತು. ಅದನ್ನೇ ತುಟಿಗೆ ಹಚ್ಚಿದೆ.

ಊದಿದೆ. ಉಸಿರು ಮುಗಿಯುವ ಮೊದಲೇ ಹೆದರಿ, ಬಾಯಿ ತೆಗೆಯದೆ ಕೊಳವೆಯಿಂದಲೇ ಎಳೆದುಕೊಂಡುಬಿಟ್ಟೆ. ಬಾಯಿ ತುಂಬ ಹೊಗೆ, ಬೂದಿ. ಒಲೆಯ ಮುಂದೆ ಬೆಳೆದ ಹುಡುಗಿಯರು ಚಿಕ್ಕಂದಿನಲ್ಲೇ ಮಾಡಿ ಮುಗಿಸುವ ತಪ್ಪು ಅದು. ತಲೆ ನರೆತ ಮೇಲೆ ನಾನು ಮತ್ತೆ ಮಾಡಿದ್ದೆ.

"ಪೂರಾ ಬಿಡು ಮೊದಲ. ಕೊಳವಿ ತೆಗಿ. ಆಮ್ಯಾಲ ತಗೋ" ಎಂದಳು ಹಿಂದೆ ನಿಂತಿದ್ದ ಅಕ್ಕ. ಮಾತು ಅವ್ವನದು, ದನಿಯೂ ಅವ್ವನದೇ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಮತ್ತೆ ಊದಿದೆ, ಹೊಟ್ಟೆ ಬೆನ್ನಿಗೆ ಹತ್ತುವ ತನಕ. ಕೊಳವೆ ತೆಗೆದೆ. ಆ ನಿಲುಗಡೆಯಲ್ಲಿ ಕಟ್ಟಿಗೆ ಭಗ್ಗನೆ ಹೊತ್ತಿಕೊಂಡಿತು. ಅದನ್ನು ನೋಡುತ್ತಿರುವಾಗಲೇ ಉಸಿರು ತಾನಾಗಿ ಒಳಗೆ ಬಂತು. ನೀರು ಕಾಯುವ ಹೊತ್ತಿಗೆ ಎದೆ ಸುಮ್ಮನಾಗಿತ್ತು.

ಈಗ ದಿನಾ ಬೆಳಿಗ್ಗೆ ಕಲಬುರಗಿಯ ಮನೆಯಲ್ಲಿ ಕೂತು ಹಾಗೆಯೇ ಊದುತ್ತೇನೆ, ಎದುರಿಗೆ ಒಲೆಯಿಲ್ಲ, ಕೈಯಲ್ಲಿ ಕೊಳವೆಯಿಲ್ಲ. ಎದೆ ಹಗುರಾಗುತ್ತದೆ, ಬಸ್ಸು ಹತ್ತುತ್ತೇನೆ. ಆದರೆ ಪ್ರತಿ ಉಸಿರಿನ ಕೊನೆಗೂ ಅವ್ವ ಆ ಮಂಚದ ಮೇಲೆ ಇದ್ದೇ ಇರುತ್ತಾಳೆ. ಇಬ್ಬರೂ ಕಾಯುತ್ತೇವೆ. ನನ್ನ ಉಸಿರು ಬರುತ್ತದೆ.