ಕಿಟಕಿ ಹೋದರೆ ಹೋಗಲಿ

ವೀಡಿಯೊ ತೆಗೆಯುವ ಈ ಮನುಷ್ಯನಿಗೆ ಅವನ ಕಸುಬಿನವರೆಲ್ಲ ಸೇರಿ ಇಟ್ಟ ಹೆಸರು ಬಿಸಿಬಿಸಿ. ಮಿಕ್ಕವರು ತೆಗೆದದ್ದನ್ನು ಕಂಪ್ಯೂಟರಿಗೆ ಹಾಕಿ, ಬಣ್ಣ ತಿದ್ದಿ ತೀಡಿ, ಗಿರಾಕಿ ಆಸೆ ಬಿಡುವ ಹೊತ್ತಿಗೆ ಕೊಡುತ್ತಿದ್ದರು. ಇವನು ಕ್ಯಾಮೆರಾದಿಂದ ಇಳಿಸಿ, ಸಂಜೆಯೊಳಗೆ ಹಾಗೆಯೇ ಕೈಗಿಡುತ್ತಿದ್ದ. ಬಣ್ಣ ತಿದ್ದುತ್ತ ಕೂರುವುದು ಸರಿಯಾಗಿ ತೆಗೆಯಲು ಬಾರದವರ ಕೆಲಸವೆಂದು ಅವನ ಜಂಬ. ಅಸಲಿಗೆ ಅವನಿಗೆ ಅದು ಬರುತ್ತಲೇ ಇರಲಿಲ್ಲ.

ಅವನ ಕ್ಯಾಮೆರಾದಲ್ಲಿ ಗಾಮಾ ಎಂಬ ಸೆಟ್ಟಿಂಗ್ ಇತ್ತು, ಬೆಳಕನ್ನು ಹೇಗೆ ಹಿಡಿಯಬೇಕೆಂದು ಹೇಳುವುದು ಅದೇ. ಅದರಲ್ಲಿ ಲಾಗ್ ಎಂಬುದನ್ನು ಹಾಕಿದರೆ ಕೋಣೆಯ ನೆರಳೂ ಉಳಿಯುತ್ತದೆ, ಕಿಟಕಿಯಾಚೆಯ ಬಿಸಿಲೂ ಉಳಿಯುತ್ತದೆ. ಆದರೆ ಚಿತ್ರ ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಮಂಕಾಗಿ ಬರುತ್ತದೆ, ಆಮೇಲೆ ತಿದ್ದಲೇಬೇಕು. ಮಾಮೂಲಿಯದನ್ನು ಹಾಕಿದರೆ ಬಣ್ಣ ಆಗಲೇ ಸಿದ್ಧ. ಆದರೆ ಮುಖಕ್ಕೆ ಬೆಳಕು ಹೊಂದಿಸಿದಾಗ ಕಿಟಕಿ ಬರೀ ಬಿಳಿಯಾಗಿಬಿಡುತ್ತದೆ, ಅಲ್ಲಿದ್ದದ್ದು ಮತ್ತೆ ಬರುವುದಿಲ್ಲ. ಬೆಳಕು ಮಿತಿಮೀರಿದ ಕಡೆ ಕ್ಯಾಮೆರಾದ ಪರದೆಯ ಮೇಲೆ ಪಟ್ಟೆ ಪಟ್ಟೆ ಗೆರೆಗಳು ಹರಿದಾಡಿ ಎಚ್ಚರಿಸುತ್ತವೆ. ಬಿಸಿಬಿಸಿ ಅದಕ್ಕೆಲ್ಲ ಸೊಪ್ಪು ಹಾಕಿದವನಲ್ಲ. ಮುಖ ಚೆನ್ನಾಗಿದ್ದರೆ ಸಾಕು, ಕಿಟಕಿ ಹೋದರೆ ಹೋಗಲಿ ಎನ್ನುತ್ತಿದ್ದ. ಕಿಟಕಿ ಎಲ್ಲಿ ಎಂದು ಒಬ್ಬ ಗಿರಾಕಿಯೂ ಕೇಳಿರಲಿಲ್ಲ.

ಹೀಗಿರುವಾಗ ಅವನ ಅಣ್ಣ ಆಸ್ಪತ್ರೆ ಸೇರಿದ. ಸೋಂಕು ತಗಲೀತೆಂದು ಇವನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಅವನ ವೀಡಿಯೊನಾದರೂ ತೆಗೆದುಕೊಂಡು ಬಾ ಎಂದು ಕಿರಿಮಗನಿಗೆ ಗಂಟುಬಿದ್ದಳು. ಕ್ಯಾಮೆರಾ ಕಂಡ ಅಣ್ಣ ಗಡ್ಡ ಸವರಿಕೊಂಡ.

“ಕಾಯಿಲೆಯವನ ಥರ ಕಾಣಬಾರ್ದು ಕಣೋ. ಅಮ್ಮ ನೋಡ್ತಾಳೆ.”

ಹಾಸಿಗೆಯ ಪಕ್ಕದಲ್ಲೇ ದೊಡ್ಡ ಕಿಟಕಿ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬಿಸಿಬಿಸಿ ಒಂದು ಸಲ ಲಾಗ್ ಹಾಕಿ ನೋಡಿದ. ಮೊದಲೇ ಬಿಳಿಚಿಕೊಂಡಿದ್ದ ಅಣ್ಣನ ಮುಖ ಬೂದಿ ಬಳಿದಂತೆ ಕಂಡಿತು. ಕೂಡಲೇ ಮಾಮೂಲಿಗೆ ತಿರುಗಿಸಿ, ಬೆಳಕನ್ನು ಇನ್ನಷ್ಟು ಹೆಚ್ಚಿಸಿದ. ಕೆನ್ನೆಗೆ ಕಳೆ ಬಂತು. ಕಿಟಕಿಯ ತುಂಬ ಪಟ್ಟೆಗಳು ಹರಿದಾಡಿದವು. ಊಟ ಸೇರುತ್ತಿದೆಯೆಂದೂ ನರ್ಸಮ್ಮ ಬೈದು ತಿನ್ನಿಸುತ್ತಾಳೆಂದೂ ಅಣ್ಣ ಅಮ್ಮನಿಗೆಂದು ಸುಳ್ಳು ಹೇಳುತ್ತಿದ್ದ. ನಡುವೆ ಪಟ್ಟೆಗಳು ಕೊಂಚ ಅಲುಗಿದಂತಾಯಿತು. ಅಣ್ಣ ಅತ್ತ ತಿರುಗಿ ಕೈ ಎತ್ತಿದ, ಮುಖ ಅರಳಿತು. ಬಿಸಿಲಿಗೆ ಕೈ ಅಡ್ಡ ಹಿಡಿದನೆಂದುಕೊಂಡ ಬಿಸಿಬಿಸಿ, ಮುಖದಿಂದ ಕಣ್ಣು ಕೀಳಲಿಲ್ಲ.

ಸಂಜೆ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಮನಸ್ಸು ತಡೆಯದೆ ಆಸ್ಪತ್ರೆಗೆ ಹೋಗಿ, ಕಾವಲುಗಾರನ ಕಣ್ಣು ತಪ್ಪಿಸಿ ಆ ಕಿಟಕಿಯ ಹೊರಗೆ ನಿಂತಿದ್ದಳಂತೆ. ದೊಡ್ಡವನು ನೋಡಿ ಕೈ ಎತ್ತಿದನಂತೆ. ಅಷ್ಟರಲ್ಲಿ ಕಾವಲುಗಾರ ಬಂದು ಕಳಿಸಿಬಿಟ್ಟನಂತೆ. ವೀಡಿಯೊದಲ್ಲಿ ನಾವಿಬ್ಬರೂ ಒಟ್ಟಿಗೆ ಬಂದಿದ್ದೇವೆ ತಾನೆ ಎಂದು ಕೇಳಿದಳು. ಅವಳ ಖುಷಿ ನೋಡಿ ಇವನು ಹ್ಞೂಂ ಎಂದುಬಿಟ್ಟ. ಕಣ್ಣಾರೆ ಕಂಡೆನಲ್ಲ, ವೀಡಿಯೊನ ಅವನು ಮನೆಗೆ ಬಂದ ಮೇಲೆ ಎಲ್ಲರೂ ಕೂತು ನೋಡೋಣ ಎಂದಳು.

ಅಣ್ಣ ಬರಲಿಲ್ಲ. ಅದೇ ವಾರ ತೀರಿಕೊಂಡ.

ಬಣ್ಣ ತಿದ್ದುವವರನ್ನು ಆಡಿಕೊಳ್ಳುತ್ತಿದ್ದ ಬಿಸಿಬಿಸಿ ಈಗ ಅವರಲ್ಲೇ ಒಬ್ಬನ ಕೈಕಾಲು ಹಿಡಿದ. ಅವನು ಕಿಟಕಿಯ ಕಡೆ ಬೆಳಕು ಇಳಿಸಿದ. ಬಿಳಿಯಿದ್ದದ್ದು ಬೂದು ಬಣ್ಣವಾಯಿತು, ಇನ್ನೂ ಇಳಿಸಿದರೆ ಕಪ್ಪಾಯಿತು, ಅಮ್ಮ ಮಾತ್ರ ಬರಲಿಲ್ಲ. ಕ್ಯಾಮೆರಾ ಹಿಡಿಯದೇ ಇದ್ದದ್ದನ್ನು ತಾನು ಎಲ್ಲಿಂದ ತರಲಿ ಎಂದು ಅವನೂ ಕೈಚೆಲ್ಲಿದ.

ಒಂದು ದಿನ ಅಮ್ಮ ಹಾಕು ಎಂದಳು. ಎಷ್ಟು ದಿನ ಅಂತ ಮುಂದೂಡುವುದು? ಹಾಕಿದ. ಪರದೆಯ ಮೇಲೆ ಅಣ್ಣ ಕಳಕಳೆಯಾಗಿ ಕೂತು, ಖಾಲಿ ಬಿಳುಪಿಗೆ ಕೈ ಎತ್ತಿ ನಕ್ಕ. ಅಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹಾಳು ಕಣ್ಣು, ಬೇಕಾದದ್ದೇ ಕಾಣಿಸುವುದಿಲ್ಲ ಎಂದು ಬೈದುಕೊಂಡಳು.

“ನಾನೆಲ್ಲಿದ್ದೀನೋ? ಬೆರಳಿಟ್ಟು ತೋರ್ಸು.”

ಅವನು ಬಿಳುಪಿನ ಮೇಲೆ ಬೆರಳಿಟ್ಟ. ಅಮ್ಮ ಬೆರಳಿನ ಹತ್ತಿರಕ್ಕೆ ಮುಖ ತಂದಳು.

“ಏನ್ ಮಾಡ್ತಿದ್ದೀನೋ?”

ಆವತ್ತು ಅವನು ಅವಳನ್ನು ನೋಡಿಯೇ ಇರಲಿಲ್ಲ.

“ನಗ್ತಿದ್ದೀಯಮ್ಮ.”

ಅಮ್ಮ ನಿಟ್ಟುಸಿರು ಬಿಟ್ಟಳು. “ಸದ್ಯ ಕಣೋ. ಅವನ ಎದುರಿಗೆ ಅತ್ಬಿಟ್ಟೆ ಅಂತ ಇಷ್ಟು ದಿನ ಕೊರಗ್ತಿದ್ದೆ. ಇನ್ನೊಂದ್ಸಲ ಹಾಕು.”

ಹಾಕಿದ. ಅಣ್ಣ ಕೈ ಎತ್ತುವ ಹೊತ್ತಿಗೆ, ಅವಳು ಕೇಳುವ ಮೊದಲೇ, ಬೆರಳಿಟ್ಟು ತೋರಿಸಿದ.